ಮೌಸಿನ ಹೊಟ್ಟೆಯೊಳಗಿನ ಬೆಳಕು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಿಮ್ಮ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸಮಿತಿಯವರು ಫೋನ್ ಮಾಡಿದಾಗ ನನಗೆ ಸಂಕೋಚವಾಯಿತು. ನನ್ನ ಕೆಲಸ ಹೇಳಿಕೊಳ್ಳುವಂಥದ್ದಲ್ಲ. ನನ್ನ ತಾಯಿ ನೆಂಟರಿಗೆ "ಮಗ ಬೆಂಗಳೂರಿನಲ್ಲಿ ರೇಡಿಯೋ ಕಿವಿ ತಿರುವುತ್ತಾನೆ" ಎಂದೇ ಹೇಳುವುದು. ಅದು ತಪ್ಪೇನಲ್ಲ. ಸಣ್ಣ ಸಣ್ಣ ಯಂತ್ರಗಳ ಮೇಲೆ ಒಂದು ನಾಬ್ ಇರುತ್ತದಲ್ಲ, ಅದನ್ನು ನೀವು ಎಷ್ಟು ತಿರುಗಿಸಿದಿರಿ, ಎಡಕ್ಕೋ ಬಲಕ್ಕೋ ಎಂಬುದನ್ನು ಯಂತ್ರಕ್ಕೆ ತಿಳಿಸಿಕೊಡುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಈ ಕೆಲಸಕ್ಕೆ ನಾನು ಬಿದ್ದದ್ದು ಇದೇ ಶಾಲೆಯಲ್ಲಿ, ಒಂದು ಕಳ್ಳತನದಿಂದ.

2002ರಲ್ಲಿ ನಾವು ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲೆಗೆ ಕಂಪ್ಯೂಟರುಗಳು ಬಂದವು. ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು, ದೇವರ ಮನೆಗೆ ಹೋದ ಹಾಗೆ ಒಳಗೆ ಹೋಗಬೇಕಿತ್ತು. ಒಂದು ತಿಂಗಳಲ್ಲಿ ಮೂರು ಮೌಸುಗಳ ಹೊಟ್ಟೆ ಖಾಲಿ. ಒಳಗಿನ ರಬ್ಬರ್ ಹೊದಿಸಿದ ಭಾರದ ಗುಂಡು ಗೋಲಿಯಾಟಕ್ಕೆ ಅಷ್ಟು ಚೆನ್ನಾಗಿತ್ತು. ಒಬ್ಬ ಹುಡುಗನಿಗೆ ಏಟು ಬಿತ್ತು. ಮೂರರಲ್ಲಿ ಒಂದನ್ನು ತೆಗೆದವನು ನಾನು. ಆ ಹುಡುಗ ಈಗ ಮೂರನೇ ಸಾಲಿನಲ್ಲಿ ಕೂತು ನಗುತ್ತಿದ್ದಾನೆ. ಅವನಿಗೆ ಇಪ್ಪತ್ತು ವರ್ಷದ ಹಿಂದೆಯೇ ಹೇಳಿದ್ದೇನೆ, ಗುರುಗಳಿಗೆ ಈಗ ಹೇಳುತ್ತಿದ್ದೇನೆ.

ಗುಂಡು ತೆಗೆದ ಮೇಲೆ ಆ ತೂತಿನೊಳಗೆ ಬಗ್ಗಿ ನೋಡಿದೆ. ಎರಡು ಪುಟ್ಟ ಉರುಳೆಗಳು, ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ. ಪ್ರತಿ ಉರುಳೆಯ ತುದಿಗೆ ಒಂದು ಚಕ್ರ, ಚಕ್ರದ ಸುತ್ತ ಬಾಚಣಿಗೆಯ ಹಲ್ಲಿನಂತೆ ಸೀಳುಗಳು. ಚಕ್ರದ ಒಂದು ಪಕ್ಕ ಪುಟ್ಟ ದೀಪ, ಇನ್ನೊಂದು ಪಕ್ಕ ಬೆಳಕು ಕಾಣುವ ಕಣ್ಣು. ದೀಪ ಉರಿಯುವುದು ನಮ್ಮ ಕಣ್ಣಿಗೆ ಕಾಣದು, ಅದು ಇನ್‌ಫ್ರಾರೆಡ್, ಟಿ.ವಿ. ರಿಮೋಟಿನದೇ ಜಾತಿ. ಚಕ್ರ ತಿರುಗಿದಾಗ ಬೆಳಕು, ಕತ್ತಲೆ, ಬೆಳಕು, ಕತ್ತಲೆ. ಅದನ್ನು ಎಣಿಸಿದರೆ ಎಷ್ಟು ತಿರುಗಿತೆಂದು ಗೊತ್ತಾಗುತ್ತದೆ.

ಆದರೆ ಯಾವ ಕಡೆಗೆ ತಿರುಗಿತು? ಒಂದೇ ಕಣ್ಣಿದ್ದರೆ ಅದು ತಿಳಿಯುವುದಿಲ್ಲ. ಎಡಕ್ಕೆ ತಿರುಗಿದರೂ ಬೆಳಕು ಕತ್ತಲೆ, ಬಲಕ್ಕೆ ತಿರುಗಿದರೂ ಬೆಳಕು ಕತ್ತಲೆ. ಮಕ್ಕಳೇ, ಹೀಗೆ ಯೋಚಿಸಿ. ಶಾಲೆಯ ಗೇಟಿನ ಹತ್ತಿರ ಒಬ್ಬ ಹುಡುಗ, ನಾಲ್ಕು ಹೆಜ್ಜೆ ಆಚೆ ಹುಣಸೆಮರದ ಕೆಳಗೆ ಇನ್ನೊಬ್ಬ. ರಸ್ತೆಯಲ್ಲಿ ಉದ್ದನೆಯ ಲಾರಿ ಹೋಗುತ್ತದೆ. ಮೊದಲು ಗೇಟಿನವನು "ಬಂತು" ಎಂದರೆ ಲಾರಿ ಪೇಟೆ ಕಡೆಗೆ ಹೋಗುತ್ತಿದೆ. ಮೊದಲು ಮರದವನು ಕೂಗಿದರೆ ಊರಿನೊಳಕ್ಕೆ ಬರುತ್ತಿದೆ. ಲಾರಿ ಇಬ್ಬರ ಮುಂದೆಯೂ ಇರುವ ಒಂದು ಗಳಿಗೆಯೂ ಉಂಟು. ಹಾಗಾಗಿ ನಾಲ್ಕು ಸ್ಥಿತಿ: ಇಬ್ಬರಿಗೂ ಇಲ್ಲ, ಮೊದಲನೆಯವನಿಗೆ ಮಾತ್ರ, ಇಬ್ಬರಿಗೂ, ಎರಡನೆಯವನಿಗೆ ಮಾತ್ರ. ಮತ್ತೆ ಇಬ್ಬರಿಗೂ ಇಲ್ಲ. ಈ ಸುತ್ತು ಮುಂದಕ್ಕೆ ಹೋದರೆ ಒಂದು ದಿಕ್ಕು, ಹಿಂದಕ್ಕೆ ಹೋದರೆ ಇನ್ನೊಂದು. ಚಕ್ರದ ಪಕ್ಕದಲ್ಲಿ ಎರಡು ಕಣ್ಣುಗಳನ್ನು ಸ್ವಲ್ಪ ಜರುಗಿಸಿ ಇಡುವುದು ಇಷ್ಟಕ್ಕೇ. ಈ ನಾಲ್ಕು ಮೆಟ್ಟಿಲಿನ ಗುಟ್ಟು ಇಂದಿಗೂ ಬದಲಾಗಿಲ್ಲ, ನನ್ನ ಹೊಟ್ಟೆ ತುಂಬುವುದು ಅದರಿಂದಲೇ.

ಮೌಸಿನ ಕಥೆ ಮುಂದೆ ಹೋಯಿತು. ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಸಾನ್ ಫ್ರಾನ್ಸಿಸ್ಕೋದಲ್ಲಿ ಜನರೆದುರು ಮೌಸನ್ನು ತೋರಿಸಿದರು. ಅದಕ್ಕೆ ನಾಲ್ಕು ವರ್ಷ ಮೊದಲು ಮಾಡಿದ ಮಾದರಿ ಮರದ ಡಬ್ಬಿ, ತಳದಲ್ಲಿ ಎರಡು ಚಕ್ರ. ಆಮೇಲೆ ಗುಂಡು ಬಂತು, ಗುಂಡಿನ ಜೊತೆ ಧೂಳೂ ಬಂತು. ಉರುಳೆಗೆ ಮೆತ್ತಿದ ಕೊಳೆಯನ್ನು ಉಗುರಿನಿಂದ ಕೆರೆದವರು ಇಲ್ಲಿ ಬಹಳ ಜನ ಇದ್ದೀರಿ. 1980ರ ಸುಮಾರಿಗೇ ಬೆಳಕಿನ ಮೌಸುಗಳು ತಯಾರಾಗಿದ್ದವು, ಆದರೆ ಅವಕ್ಕೆ ಗೆರೆ ಅಥವಾ ಚುಕ್ಕಿ ಮುದ್ರಿಸಿದ ವಿಶೇಷ ಹಾಸು ಬೇಕಿತ್ತು. ಬರೀ ಮೇಜಿನ ಮೇಲೆ ಓಡುವ ಮೌಸು ಅಂಗಡಿಗೆ ಬಂದದ್ದು 1999ರಲ್ಲಿ. ಮೈಕ್ರೋಸಾಫ್ಟಿನದು, ಒಳಗಿನ ಕಣ್ಣು ಎಜಿಲೆಂಟ್ ಕಂಪನಿಯದು.

ಅದರ ಹೊಟ್ಟೆಯಲ್ಲಿ ಗುಂಡಿಲ್ಲ, ಒಂದು ಕ್ಯಾಮೆರಾ ಇದೆ. ನಿಮ್ಮ ಮೊಬೈಲಿನಂಥ ಕ್ಯಾಮೆರಾ ಅಲ್ಲ, ಬಡ ಕ್ಯಾಮೆರಾ. ಆ ಕಾಲದ ಒಂದು ಸಾಮಾನ್ಯ ಚಿಪ್ಪಿನಲ್ಲಿ ಅಡ್ಡ 18, ಉದ್ದ 18, ಒಟ್ಟು 324 ಚುಕ್ಕಿ, ಅಷ್ಟೇ. ನಿಮ್ಮ ಮುಖ ತೆಗೆದರೆ ನಿಮ್ಮ ಹೆಂಡತಿಗೂ ಗುರುತು ಸಿಗದು. ಆದರೆ ಒಂದು ಸೆಕೆಂಡಿಗೆ 1500 ಚಿತ್ರ ತೆಗೆಯುತ್ತದೆ. ಪಕ್ಕದಲ್ಲಿರುವ ಕೆಂಪು ದೀಪ ಮೇಜಿನ ಮೇಲೆ ನೇರ ಬೀಳುವುದಿಲ್ಲ, ಓರೆಯಾಗಿ ಬೀಳುತ್ತದೆ. ಉತ್ತ ಹೊಲವನ್ನು ನಡುಹಗಲಲ್ಲಿ ನೋಡಿದರೆ ಸಪಾಟು. ಸಂಜೆ ಬಿಸಿಲಲ್ಲಿ ನೋಡಿದರೆ ಪ್ರತಿ ಸಾಲಿಗೂ ನೆರಳಿದೆ. ಹಾಗೆಯೇ ಕಾಗದದ ಎಳೆ, ಮರದ ನಾರು, ಬಟ್ಟೆಯ ನೂಲು ಎಲ್ಲವೂ ಆ ಕ್ಯಾಮೆರಾಕ್ಕೆ ಗುಡ್ಡ ಹಳ್ಳವಾಗಿ ಕಾಣುತ್ತವೆ. ಒಂದು ಚಿತ್ರವನ್ನು ಮುಂದಿನ ಚಿತ್ರದ ಮೇಲಿಟ್ಟು, ಯಾವ ಕಡೆ ಎಷ್ಟು ಸರಿಸಿದರೆ ಎರಡೂ ಹೊಂದುತ್ತವೆ ಎಂದು ಚಿಪ್ಪು ಲೆಕ್ಕ ಹಾಕುತ್ತದೆ. ನೀವು ಸೆಕೆಂಡಿಗೆ 30 ಸೆಂಟಿಮೀಟರ್ ಎಳೆದರೂ ಎರಡು ಚಿತ್ರಗಳ ನಡುವೆ ಮೌಸು ಸರಿದಿರುವುದು 0.2 ಮಿಲಿಮೀಟರ್ ಮಾತ್ರ. ಆದ್ದರಿಂದ ಗುರುತು ತಪ್ಪುವುದಿಲ್ಲ. ನುಣುಪಾದ ಗಾಜಿನ ಮೇಲೆ ಇಟ್ಟರೆ ಪಾಪ, ನೆರಳೇ ಇಲ್ಲ, ದಾರಿ ತಪ್ಪುತ್ತದೆ.

ಇದೇ ಮೌಸನ್ನು ಅಂಗಾತ ಮಲಗಿಸಿ ಮೇಲೆ ಬೆರಳು ಆಡಿಸಿದರೂ ನಡೆಯುತ್ತದೆ. ಬೆರಳಿನ ಗೆರೆಗಳೂ ಉತ್ತ ಹೊಲವೇ. 2009ರ ಒಂದು ಬ್ಲ್ಯಾಕ್‌ಬೆರಿ ಫೋನಿನಲ್ಲಿ, ಮೊದಲಿದ್ದ ಪುಟ್ಟ ಗುಂಡನ್ನು ತೆಗೆದು ಹೀಗೆ ಒಂದು ಕಪ್ಪು ಕಿಟಕಿ ಕೂರಿಸಿದರು. ಆಮೇಲೆ ಇಡೀ ಪರದೆಯೇ ಬೆರಳಿಗೆ ಓಗೊಡತೊಡಗಿತು, ಆ ಕಿಟಕಿ ಮೂಲೆಗೆ ಸೇರಿತು.

ಇನ್ನು ನನ್ನ ನಾಬಿಗೆ ಬರುತ್ತೇನೆ. ಕೆಲವು ವರ್ಷದ ಹಿಂದೆ ರೋಗಿಯ ರಕ್ತನಾಳಕ್ಕೆ ಔಷಧ ಹನಿಸುವ ಒಂದು ಪುಟ್ಟ ಪಂಪಿಗೆ ನಾನು ಪ್ರೋಗ್ರಾಂ ಬರೆದೆ. ಗಂಟೆಗೆ ಎಷ್ಟು ಮಿಲಿಲೀಟರ್ ಎಂಬುದನ್ನು ನಾಬ್ ತಿರುಗಿಸಿ ಗೊತ್ತುಮಾಡಬೇಕು. ಚಕ್ರಕ್ಕೆ 24 ಸೀಳು, ಸೀಳಿಗೆ ನಾಲ್ಕು ಮೆಟ್ಟಿಲು, ಒಂದು ಸುತ್ತಿಗೆ 96. ನಾನು ಆ ಎರಡು ಕಣ್ಣುಗಳನ್ನು ಸೆಕೆಂಡಿಗೆ 100 ಸಲ ಓದಿಸುತ್ತಿದ್ದೆ. ನಾನು ತಿರುಗಿಸಿ ನೋಡಿದೆ, ನನ್ನ ಮೇಲಿನವರು ತಿರುಗಿಸಿ ನೋಡಿದರು, ಸರಿಯಾಗಿತ್ತು. ರೋಗಿಗೆ ಜೋಡಿಸುವ ಮೊದಲು, ಬರೀ ನೀರು ತುಂಬಿ, ಆಸ್ಪತ್ರೆಯೊಂದರ ದಾದಿಯರ ಕೈಗೆ ಕೊಟ್ಟೆವು. ವಯಸ್ಸಾದ ಒಬ್ಬ ಸಿಸ್ಟರ್, "ಇದು ಹಿಂದಕ್ಕೆ ಹೋಗುತ್ತದೆ" ಎಂದರು. ನಾನು "ನೀವು ಉಲ್ಟಾ ತಿರುಗಿಸಿದ್ದೀರಿ ಅಮ್ಮ" ಎಂದೆ. ಅವರು ಏನೂ ಹೇಳದೆ ನನ್ನ ಕಣ್ಣೆದುರಿಗೆ ನಾಬನ್ನು ಎರಡು ಬೆರಳಲ್ಲಿ ಹಿಡಿದು ಬುಗುರಿಯಂತೆ ಚಿಮ್ಮಿದರು. ಬಲಕ್ಕೆ. ಅಂಕಿ ಇಳಿಯಿತು.

ರಾತ್ರಿಯೆಲ್ಲ ಕೂತು ಹುಡುಕಿದೆ. ಪೌರಾಣಿಕ ಸಿನಿಮಾದಲ್ಲಿ ರಥ ಜೋರಾಗಿ ಓಡುವಾಗ ಚಕ್ರ ಹಿಂದಕ್ಕೆ ತಿರುಗುವಂತೆ ಕಾಣುವುದನ್ನು ನೋಡಿದ್ದೀರಲ್ಲ, ಅದೇ ಇದು. ಸಿನಿಮಾ ಕ್ಯಾಮೆರಾ ಸೆಕೆಂಡಿಗೆ 24 ಚಿತ್ರ ತೆಗೆಯುತ್ತದೆ, ನಡುವೆ ಏನಾಯಿತೆಂದು ಅದಕ್ಕೆ ಗೊತ್ತಿಲ್ಲ. ನನ್ನ ನಾಬನ್ನು ಸೆಕೆಂಡಿಗೆ ಮೂರು ಸುತ್ತಿನ ವೇಗದಲ್ಲಿ ಚಿಮ್ಮಿದರೆ ಒಂದು ಓದಿಗೂ ಇನ್ನೊಂದು ಓದಿಗೂ ನಡುವೆ ಹೆಚ್ಚುಕಡಿಮೆ ಮೂರು ಮೆಟ್ಟಿಲು ದಾಟಿ ಹೋಗುತ್ತದೆ. ನಾಲ್ಕು ಮೆಟ್ಟಿಲಿನ ಸುತ್ತಿನಲ್ಲಿ ಮೂರು ಹೆಜ್ಜೆ ಮುಂದೆ ಹೋಗುವುದೂ ಒಂದೇ, ಒಂದು ಹೆಜ್ಜೆ ಹಿಂದೆ ಬರುವುದೂ ಒಂದೇ. ನಾನು ಮೇಜಿನ ಮುಂದೆ ಕೂತು ನಿಧಾನವಾಗಿ, ಮರ್ಯಾದೆಯಿಂದ ತಿರುಗಿಸಿದ್ದೆ. ಹತ್ತು ಮಂಚದ ನಡುವೆ ಓಡಾಡುವವರು ಹಾಗೆ ತಿರುಗಿಸುವುದಿಲ್ಲ.

ಸರಿಪಡಿಸುವುದು ದೊಡ್ಡ ಕೆಲಸವಾಗಲಿಲ್ಲ. ಸೆಕೆಂಡಿಗೆ 1000 ಸಲ ಓದುವಂತೆ ಮಾಡಿದೆ. ಈಗ ಸೆಕೆಂಡಿಗೆ ಹತ್ತು ಸುತ್ತಿನವರೆಗೂ ದಿಕ್ಕು ತಪ್ಪದು. ಎರಡು ಕಣ್ಣೂ ಒಟ್ಟಿಗೆ ಬದಲಾದರೆ ನಡುವೆ ಒಂದು ಮೆಟ್ಟಿಲು ಕಳೆದುಹೋಗಿದೆ ಎಂದರ್ಥ. ಮೊದಲು ನನ್ನ ಪ್ರೋಗ್ರಾಂ ಅಲ್ಲಿ ಊಹೆ ಮಾಡುತ್ತಿತ್ತು. ಈಗ ಅದು ಅಂಕಿಯನ್ನು ಮುಟ್ಟದೆ "ಮತ್ತೆ ತಿರುಗಿಸಿ" ಎಂದು ಕೇಳುತ್ತದೆ. ಗುಂಡಿ ಒತ್ತಿ ಒಪ್ಪಿಗೆ ಕೊಡುವವರೆಗೂ ಹನಿಯ ವೇಗ ಬದಲಾಗುವುದಿಲ್ಲ. ಹೊಸ ಪಂಪನ್ನು ಮೊದಲು ಆ ಸಿಸ್ಟರ್ ಹತ್ತಿರವೇ ಒಯ್ದೆ. ಅವರು ಹತ್ತು ಸಲ ಚಿಮ್ಮಿದರು, ಎಡಗೈಯಲ್ಲೂ ಚಿಮ್ಮಿದರು. ಕೊನೆಗೆ "ಈಗ ಪರವಾಗಿಲ್ಲ" ಎಂದರು. ನನಗೆ ಸಿಕ್ಕ ಸರ್ಟಿಫಿಕೇಟುಗಳಲ್ಲಿ ಅದೂ ಒಂದು ಎಂದು ಇಟ್ಟುಕೊಂಡಿದ್ದೇನೆ.

ಊಟದ ಗಂಟೆ ಆಗುತ್ತಿದೆ, ಅಡುಗೆಯವರು ನನ್ನನ್ನೇ ನೋಡುತ್ತಿದ್ದಾರೆ. ಒಂಬತ್ತನೇ ತರಗತಿಯ ಕೊಠಡಿಯಲ್ಲಿ ಮೇಜಿನ ಮೇಲೆ ನಾಲ್ಕು ಹಳೆಯ ಮೌಸುಗಳನ್ನು ಬಿಚ್ಚಿ ಇಟ್ಟಿದ್ದೇನೆ, ಎರಡು ಗುಂಡಿನವು, ಎರಡು ಕೆಂಪು ದೀಪದವು. ಗುಂಡಿನದಕ್ಕೆ ಕರೆಂಟು ಕೊಟ್ಟಿದೆ. ಕೋಣೆಯನ್ನು ಸ್ವಲ್ಪ ಕತ್ತಲೆ ಮಾಡಿ, ನಿಮ್ಮ ಮೊಬೈಲ್ ಕ್ಯಾಮೆರಾದಿಂದ ಆ ಚಕ್ರದ ಪಕ್ಕ ನೋಡಿ. ಬರಿಗಣ್ಣಿಗೆ ಕಾಣದ ದೀಪ ಹಲವು ಫೋನುಗಳಲ್ಲಿ ನಸುನೇರಳೆಯಾಗಿ ಕಾಣುತ್ತದೆ. ಗುಂಡುಗಳನ್ನೂ ಅಲ್ಲೇ ತಟ್ಟೆಯಲ್ಲಿ ಇಟ್ಟಿದ್ದೇನೆ. ಬೇಕಾದವರು ತೆಗೆದುಕೊಂಡು ಹೋಗಬಹುದು, ಯಾರೂ ಕೇಳುವುದಿಲ್ಲ.