ಹಗಲು ಮಲಗುವವರ ಮನೆ

ಮೈಸೂರಿನವರಿಗೆ ತಮ್ಮ ಊರಿನ ಹವೆಯ ವಿಷಯದಲ್ಲಿ ಒಂದು ಬಗೆಯ ಹೆಮ್ಮೆಯುಂಟು. ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಎತ್ತರದ ಊರು. ಏಪ್ರಿಲಿನ ಹಗಲು ಸಾಮಾನ್ಯವಾಗಿ 34-35 ಡಿಗ್ರಿಗೆ ಏರಿದರೂ ರಾತ್ರಿ 21-22ಕ್ಕೆ ಇಳಿಯುತ್ತದೆ. ನಾವು ಸೆಕೆಯೆಂದು ಗೊಣಗಿದರೆ ರಾಯಚೂರಿನ ಬಂಧುಗಳು ನಗುತ್ತಾರೆ. ಆದರೆ ಈ ಲೆಕ್ಕ ಬಯಲಿನ ಗಾಳಿಯದು. ಮನೆಯೊಳಗಿನ ಲೆಕ್ಕವೇ ಬೇರೆ.

ಕೃಷ್ಣರಾಜಸಾಗರದ ರಸ್ತೆಗೆ ಅಂಟಿಕೊಂಡಿರುವ ನಮ್ಮ ಮೇಟಗಳ್ಳಿ ಕಾರ್ಖಾನೆಗಳ ನೆರೆಯಲ್ಲಿ ಬೆಳೆದದ್ದು. ರಾತ್ರಿ ಪಾಳಿ ಮುಗಿಸಿ ಬಂದು, ಲೋಕವೆಲ್ಲ ಎಚ್ಚರವಾಗಿರುವಾಗ ಮಲಗಬೇಕಾದವರು ಇಲ್ಲಿದ್ದಾರೆ. ನಡುಹಗಲಿನಲ್ಲಿ ಶೀಟಿನ ಮಾಡಿನ ಕೆಳಗೆ ನಿದ್ರಿಸುವುದೆಂದರೇನೆಂಬುದನ್ನು ಅವರನ್ನೇ ಕೇಳಬೇಕು. ನಿದ್ದೆಗೆಟ್ಟವನು ಮರುರಾತ್ರಿ ಮತ್ತೆ ಯಂತ್ರದ ಮುಂದೆ ನಿಲ್ಲಬೇಕು. ಅಲ್ಲಿ ಒಂದು ತೂಕಡಿಕೆಗೆ ತೆರಬೇಕಾದ ಬೆಲೆ ಕೈಬೆರಳುಗಳಾಗಬಹುದು.

ಸಂಜೆ ನಮ್ಮ ಬೀದಿಯ ಹೊಂಗೆಮರದ ಕಟ್ಟೆಯಲ್ಲಿ ಈ ಮಾತು ಬಂದೇ ಬರುತ್ತದೆ. ಹೊಂಗೆಯ ವಿವೇಕವನ್ನು ಮೆಚ್ಚಬೇಕು: ಬಿಸಿಲು ಬಲಿಯುವ ವೇಳೆಗೆ ಸರಿಯಾಗಿ ಹೊಸ ಎಲೆ ತಳೆದು ನಿಂತಿರುತ್ತದೆ. ಮೊನ್ನೆ ಪಾಳಿಯ ಹುಡುಗನೊಬ್ಬ, "ಮೇಷ್ಟ್ರೇ, ಹೊತ್ತು ಮುಳುಗಿದ ಮೇಲೂ ನಿಮ್ಮ ತಾರಸಿ ಮನೆ ಯಾಕೆ ಕಾಯ್ತಾನೇ ಇರುತ್ತೆ?" ಎಂದು ಕೇಳಿದ. ಉತ್ತರ ಕೊಟ್ಟವರು ಮುದುಕರಾದ ಗಾರೆಯವರು: "ಅದು ಬಿಸಿಲನ್ನ ಸಾಲ ಇಸ್ಕೊಂಡಿರುತ್ತೆ ಕಣಪ್ಪ. ರಾತ್ರಿ ತೀರಿಸುತ್ತೆ."

ಭೌತಶಾಸ್ತ್ರದ ಪುಸ್ತಕ ಇದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ದಪ್ಪನೆಯ ಕಾಂಕ್ರೀಟು ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ. ತೆಳುವಾದ ಶೀಟು ಬಿಸಿಲು ಬಿದ್ದೊಡನೆ ಕಾದು, ಸಂಜೆಯಾದೊಡನೆ ಆರುತ್ತದೆ. ಆದುದರಿಂದ ಹಗಲು ಮಲಗುವವನಿಗೆ ಶೀಟು ಶತ್ರು. ರಾತ್ರಿ ಮಲಗುವವನಿಗೆ ತಾರಸಿ.

ಇನ್ನು ಸೂರ್ಯನ ದಾರಿ. ಮೈಸೂರಿರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ, ಎಂದರೆ ಅಶ್ವಿನಿ ಮಳೆಗಾಗಿ ನಾವು ಮುಗಿಲು ನೋಡುತ್ತಿರುವ ದಿನಗಳಲ್ಲಿ, ಅವನು ನೆತ್ತಿಯ ಮೇಲೆಯೇ ಹಾಯುತ್ತಾನೆ. ಆಮೇಲೆ ಆಗಸ್ಟ್ ಮಧ್ಯದವರೆಗೂ ನಡುಹಗಲಿನಲ್ಲಿ ತುಸು ಉತ್ತರಕ್ಕೇ ವಾಲಿರುತ್ತಾನೆ. ಮೇ ತಿಂಗಳಿನಲ್ಲಿ ದಕ್ಷಿಣದ ಕಿಟಕಿಗೆ ದಪ್ಪ ಪರದೆ ಕಟ್ಟುವುದು ದುಡ್ಡು ದಂಡ. ಏಟು ಬೀಳುವುದು ಮಾಡಿಗೆ. ಮಧ್ಯಾಹ್ನ ಕಳೆದ ಮೇಲೆ ಪಡುವಣ ಗೋಡೆಗೆ. ಲಾವಂಚದ ತಡಿಕೆಯನ್ನು ನೆನೆಸಿ ಇಳಿಬಿಡುವುದಾದರೆ ಒಣಗಾಳಿ ಬರುವ ಕಿಟಕಿಗೆ ಬಿಡಿ. ಗಾಳಿ ಒಣಗಿದಷ್ಟೂ ಅದರ ತಂಪು ಹೆಚ್ಚು. ಮಣ್ಣಿನ ಹೂಜಿಯದೂ ಇದೇ ಗುಟ್ಟು.

ಮಾಡಿಗೆ ಸುಣ್ಣವೇ ಮದ್ದು. ಬಿಳುಪು ಬಿಸಿಲನ್ನು ಒಳಗೆ ಬಿಟ್ಟುಕೊಳ್ಳದೆ ಹಿಂದಕ್ಕಟ್ಟುತ್ತದೆ. 2013ರಲ್ಲಿ ಶಾಖದ ವಿರುದ್ಧ ನಗರಕ್ಕಾಗಿಯೇ ಯೋಜನೆಯೊಂದನ್ನು ರೂಪಿಸಿದ ಅಹಮದಾಬಾದಿನಲ್ಲಿ ಮುಂದೆ ಬಡವರ ಮಾಡುಗಳಿಗೆ ಬಿಳಿಬಣ್ಣ ಬಳಿಯುವ ಕೆಲಸ ನಡೆಯಿತು. 2023ರಲ್ಲಿ ತೆಲಂಗಾಣ ತಂಪು ಮಾಡಿಗಾಗಿಯೇ ಒಂದು ನೀತಿಯನ್ನು ಹೊರಡಿಸಿತು. ನಮ್ಮ ಸುಣ್ಣವನ್ನು ಮಳೆ ತೊಳೆಯುತ್ತದೆ, ನಿಜ. ಯುಗಾದಿಗೆ ಗೋಡೆ ಬಳಿಯುವವರು ಏಣಿಯ ಮೇಲೆ ಇನ್ನೆರಡು ಮೆಟ್ಟಿಲು ಹತ್ತಿದರಾಯಿತು.

ಕಟ್ಟೆಯ ಅಜ್ಜಿಯೊಬ್ಬರು ನೆನಪಿಸಿದ್ದು ನಾಡಹೆಂಚಿನ ಮನೆಯ ಅಟ್ಟವನ್ನು. ಹೆಂಚಿಗೂ ಕೋಣೆಗೂ ನಡುವೆ ನಿಂತ ಆ ಗಾಳಿಯೇ ಒಂದು ಕೊಡೆ. ಶೀಟಿನ ಕೆಳಗೆ ಒಂದಡಿ ಬಿಟ್ಟು ಬಿದಿರಿನ ತಟ್ಟಿ ಕಟ್ಟಿ, ಎರಡು ತುದಿಯಲ್ಲೂ ಬಿಸಿಗಾಳಿಗೆ ದಾರಿ ಬಿಟ್ಟರೆ ಆ ಅಟ್ಟ ಅಷ್ಟುಮಟ್ಟಿಗೆ ಮರಳಿ ಬಂದಂತೆ. ಒಂದು ಎಚ್ಚರಿಕೆ: ಹಳೆಯ ಕಲ್ನಾರಿನ ಶೀಟನ್ನು ಕೊರೆಯಬಾರದು, ಸುಣ್ಣಕ್ಕೆಂದು ಉಜ್ಜಲೂಬಾರದು, ಅದರ ಧೂಳು ಶ್ವಾಸಕೋಶಕ್ಕೆ ಕೇಡು. ಅದರ ಮೇಲೆ ಕಾಲಿಡುವುದೂ ಅಪಾಯ. ತಟ್ಟಿಯನ್ನು ಗೋಡೆಗೆ ಬಿಗಿಯಿರಿ.

ಇಷ್ಟೆಲ್ಲ ಕೇಳಿದ ಹುಡುಗ ಮೆಲ್ಲಗೆ, "ಮನೆ ಬಾಡಿಗೇದು ಮೇಷ್ಟ್ರೇ. ಹನ್ನೊಂದು ತಿಂಗಳ ಕರಾರು," ಎಂದ. ಯಾರೂ ತಕ್ಷಣ ಮಾತಾಡಲಿಲ್ಲ. ತಂಪಿನ ಉಪಾಯಗಳೆಲ್ಲ ಸ್ವಂತ ಮನೆಯುಳ್ಳವರ ಬಾಯಿಂದ ಬರುತ್ತವೆ. ನನ್ನದೂ ಸ್ವಂತ ಮನೆಯೇ. ಕೊನೆಗೆ ಗಾರೆಯವರೂ ನಾನೂ ಮಾಲೀಕರನ್ನು ಕಂಡು ಬಂದೆವು. ಸುಣ್ಣಕ್ಕೂ ತಟ್ಟಿಗೂ ದುಡ್ಡು ಕೊಡಲು ಅವರು ಒಪ್ಪಿದ್ದಾರೆ. ಏಣಿಯನ್ನು ಮಾತ್ರ ನಾವೇ ತರಬೇಕಂತೆ.