ತಾರಸಿಯ ನೀರು, ಬಾವಿಯ ಕೆಲಸ

(ಸಂಘದ ವಾರ್ಷಿಕ ಮಹಾಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಭವನದ ತಾರಸಿಯ ಮೇಲೆ ಬೀಳುವ ಮಳೆನೀರನ್ನು ನೆಲಕ್ಕಿಳಿಸಬೇಕು ಎಂಬುದರಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯವಿರುವುದು ಅದನ್ನು ಮಾಡುವವರು ಯಾರು ಎಂಬುದರಲ್ಲಿ. ಯುವಕ ಮಿತ್ರರು ಶ್ರಮದಾನದಿಂದಲೇ ಮುಗಿಸೋಣ ಎನ್ನುತ್ತಾರೆ. ಖಜಾಂಚಿಗಳು ಗುತ್ತಿಗೆಗೆ ಕೊಟ್ಟು, ರಸೀದಿ ಪಡೆದು ನಿಶ್ಚಿಂತರಾಗೋಣ ಎನ್ನುತ್ತಾರೆ. ಎರಡೂ ದಾರಿಗಳಲ್ಲಿ ನಡೆದು ಎರಡರಲ್ಲೂ ಎಡವಿದವನು ಎಂಬ ಒಂದೇ ಅರ್ಹತೆಯಿಂದ ಕಾರ್ಯದರ್ಶಿಗಳು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು, ಇಂಜಿನಿಯರನಲ್ಲ. ಆದ್ದರಿಂದ ಲೆಕ್ಕದಿಂದಲೇ ಆರಂಭಿಸುತ್ತೇನೆ.

ನೂರು ಚದರ ಮೀಟರ್ ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಸುರಿದರೆ ಅದು ಒಂದು ಸಾವಿರ ಲೀಟರ್ ನೀರು. ಚೆನ್ನೈಯಲ್ಲಿ ವರ್ಷಕ್ಕೆ ಸುಮಾರು 1,300 ಮಿಲಿಮೀಟರ್ ಮಳೆಯಾಗುತ್ತದೆ, ಅದರ ಬಹುಪಾಲು ಅಕ್ಟೋಬರಿನಿಂದ ಡಿಸೆಂಬರಿನೊಳಗೆ. ಆವಿಯಾಗಿ, ಚೆಲ್ಲಿ ಹೋಗುವುದನ್ನು ಕಳೆದರೂ ಅಷ್ಟು ತಾರಸಿಯಿಂದ ವರ್ಷಕ್ಕೆ ಒಂದು ಲಕ್ಷ ಲೀಟರ್ ದಕ್ಕುತ್ತದೆ. 2019ರ ಬೇಸಿಗೆಯಲ್ಲಿ ಈ ನಗರದ ಕೆರೆಗಳು ಒಣಗಿ, ಜುಲೈ ತಿಂಗಳಿನಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ಬಂದದ್ದು ನಿಮಗೆಲ್ಲ ನೆನಪಿದೆ. ಒಂದು ರೈಲು ಹೊತ್ತು ತಂದದ್ದು 25 ಲಕ್ಷ ಲೀಟರ್. ಅಂದರೆ ಇಪ್ಪತ್ತೈದು ಸಾಧಾರಣ ಮನೆಗಳ ಒಂದು ವರ್ಷದ ತಾರಸಿ ನೀರು. ಆ ರೈಲಿನಲ್ಲಿ ಬಂದದ್ದೂ ಕಾವೇರಿಯೇ. ಕಾವೇರಿಯ ಹೆಸರು ಬಂದಾಗಲೆಲ್ಲ ಈ ಊರಿನಲ್ಲಿ ದನಿ ತಗ್ಗಿಸಿ ಮಾತನಾಡಿದ ನಾವು, ತಲೆಯ ಮೇಲಿನ ನೀರನ್ನು ಮಾತ್ರ ಇಷ್ಟು ವರ್ಷ ಮೋರಿಗೆ ಬಿಡುತ್ತ ಬಂದಿದ್ದೇವೆ.

ಈಗ ನನ್ನ ಕಥೆ. 2003ರಲ್ಲಿ ತಮಿಳುನಾಡು ಸರಕಾರವು ಎಲ್ಲ ಕಟ್ಟಡಗಳಿಗೂ ಮಳೆಕೊಯ್ಲನ್ನು ಕಡ್ಡಾಯ ಮಾಡಿ ಗಡುವು ವಿಧಿಸಿತು. ಒಳ್ಳೆಯ ಕಾನೂನು. ಆರು ವರ್ಷ ತಡವಾಗಿ, 2009ರಲ್ಲಿ, ಬೆಂಗಳೂರೂ ಈ ದಾರಿಗೆ ಬಂತು. ಆದರೆ ಗಡುವು ಹತ್ತಿರವಾದಂತೆ ಗುತ್ತಿಗೆದಾರರಿಗೆ ಸುಗ್ಗಿ. ತಿರುವಾನ್ಮಿಯೂರಿನ ನನ್ನ ಮನೆಗೂ ಒಬ್ಬರು ಬಂದರು, ಒಂದೇ ದಿನದಲ್ಲಿ ಮುಗಿಸಿದರು, ಹಣ ಪಡೆದು ಹೋದರು. ಅಂಗಳದಲ್ಲಿ ಸಿಮೆಂಟ್ ಮುಚ್ಚಳವೊಂದು ಕಾಣುತ್ತಿತ್ತು. ನನಗೆ ಅಷ್ಟು ಸಾಕಾಯಿತು. ಹದಿನಾರು ವರ್ಷಗಳ ಬಳಿಕ, ಬಾವಿ ಬತ್ತಿದಾಗ, ಆ ಮುಚ್ಚಳವನ್ನು ತೆಗೆದು ನೋಡಿದೆ. ಮೂರಡಿ ಆಳದ ಗುಂಡಿ, ಅದರ ತುಂಬ ಒಡೆದ ಇಟ್ಟಿಗೆ ಮತ್ತು ಹೆಪ್ಪುಗಟ್ಟಿದ ಕೆಸರು. ತಾರಸಿಯ ಕೊಳವೆ ಗುಂಡಿಯ ತನಕ ಬಂದೇ ಇರಲಿಲ್ಲ, ಮಣ್ಣಿನೊಳಗೆ ಒಂದಡಿ ಹೋಗಿ ನಿಂತಿತ್ತು. ಗುತ್ತಿಗೆದಾರನನ್ನು ಬೈದೆ, ನಿಜ. ಆದರೆ ಹದಿನಾರು ವರ್ಷಗಳಲ್ಲಿ ಒಮ್ಮೆಯೂ ಮುಚ್ಚಳ ಎತ್ತದಿದ್ದವನು ನಾನೇ ತಾನೆ? ಲೆಕ್ಕ ತಪಾಸಣೆಯನ್ನೇ ಅನ್ನವಾಗಿಸಿಕೊಂಡಿದ್ದವನು!

ಆ ಸಿಟ್ಟಿನಲ್ಲಿ, ಇನ್ನು ಯಾರ ಹಂಗೂ ಬೇಡ, ಎಲ್ಲವನ್ನೂ ನಾನೇ ಮಾಡುತ್ತೇನೆಂದು ಹೊರಟೆ. ಊರಿನಿಂದ ಬಂದಿದ್ದ ಅಕ್ಕನ ಮಗ ಜೊತೆಗೂಡಿದ. ತಾರಸಿಯ ಕೆಲಸ ನಿಜಕ್ಕೂ ನಮ್ಮಂಥವರಿಂದ ಆಗುವಂಥದು. ಪಿ.ವಿ.ಸಿ. ಕೊಳವೆ ಅಳೆದು ಕೊಯ್ಯುವುದು, ಎಲ್ಬೋ ಅಂಟಿಸುವುದು, ಬಾಯಿಗೆ ಜಾಲರಿ ಕಟ್ಟುವುದು, ಇವು ಎರಡು ಭಾನುವಾರಗಳ ಕೆಲಸ. ಮೊದಲ ಮಳೆ ತಾರಸಿಯ ಧೂಳನ್ನೂ ಹಕ್ಕಿಯ ಹಿಕ್ಕೆಯನ್ನೂ ತೊಳೆದು ತರುವುದರಿಂದ ಆರಂಭದ ಒಂದೆರಡು ಮಿಲಿಮೀಟರ್ ನೀರನ್ನು ಹೊರಗೆ ಬಿಡಬೇಕು. ಅದಕ್ಕೊಂದು ಕವಲು ಕೊಳವೆ, ಅದರ ತುದಿಗೆ ತಿರುಗಿಸಿ ತೆಗೆಯುವ ಮುಚ್ಚಳ. ಜಲ್ಲಿ, ಮರಳುಗಳನ್ನು ತೊಳೆದು ಪದರ ಪದರವಾಗಿ ತುಂಬಿದ ಡ್ರಮ್ಮೇ ಸೋಸುವ ಸಾಧನ. ಒಂದು ಕಡೆ ಇಳಿಜಾರು ತಪ್ಪಿ ನೀರು ನಿಂತಿತು, ಬಿಚ್ಚಿ ಮತ್ತೆ ಕಟ್ಟಿದೆವು. ತಪ್ಪಿದರೆ ತಿದ್ದಬಹುದು, ಅದೇ ಅದರ ಸುಖ.

ನೆಲಕ್ಕೆ ಇಳಿದಾಗ ಆ ಸುಖವಿಲ್ಲ. ನಮ್ಮ ಬಡಾವಣೆಯದು ಕಡಲ ದಂಡೆಯ ಮರಳು. ಗುದ್ದಲಿ ಇಟ್ಟರೆ ಬೆಣ್ಣೆಯಂತೆ ಬರುತ್ತದೆ, ಅದೇ ಮೋಸ. ಎರಡನೆಯ ದಿನ ಸಂಜೆ ಹುಡುಗ ಆರಡಿ ಆಳದಲ್ಲಿದ್ದ. ನಾನು ಮೇಲೆ ಬುಟ್ಟಿ ಎಳೆಯುತ್ತಿದ್ದೆ. ಸದ್ದೇ ಇಲ್ಲದೆ ಒಂದು ಪಕ್ಕದ ಮರಳು ಜಾರಿತು. ಅವನ ಎದೆಮಟ್ಟ ತುಂಬಿತು. ‘ಮಾವ’ ಎಂದು ಒಮ್ಮೆ ಕೂಗಿದ, ಆಮೇಲೆ ಅವನಿಗೆ ಕೂಗಲೂ ಉಸಿರಿರಲಿಲ್ಲ. ಬೀದಿಯಲ್ಲಿ ತರಕಾರಿ ಮಾರುತ್ತಿದ್ದಾತ ಗಾಡಿ ಬಿಟ್ಟು ಓಡಿ ಬಂದ, ಎದುರು ಮನೆಯವರು ಏಣಿ ತಂದರು. ಬರಿಗೈಯಲ್ಲಿ ಮರಳು ತೋಡಿ ಅವನನ್ನು ಹೊರಗೆಳೆದೆವು. ಬದುಕಿದ. ಇನ್ನೆರಡು ಅಡಿ ಆಳವಾಗಿದ್ದರೆ ನಾನು ಅಕ್ಕನಿಗೆ ಏನು ಹೇಳುತ್ತಿದ್ದೆನೋ, ಇಂದಿಗೂ ತಿಳಿಯದು.

ಆಮೇಲೆ ಚೆಂಗಲ್‌ಪಟ್ಟು ಕಡೆಯ ಇಬ್ಬರು ಬಾವಿ ತೋಡುವವರು ಬಂದರು, ಅಣ್ಣತಮ್ಮಂದಿರು. ನಮ್ಮ ಗುಂಡಿಯನ್ನು ನೋಡಿ ದೊಡ್ಡವನು ಏನೂ ಹೇಳದೆ ಅದನ್ನು ಮುಚ್ಚಿಸಿದ. ಮೊದಲು ಕೇಳಿದ್ದು ಶೌಚದ ಗುಂಡಿ ಎಲ್ಲಿದೆ ಎಂದು. ನಾನು ಆರಿಸಿದ್ದ ಜಾಗ ಅದಕ್ಕೆ ತೀರ ಹತ್ತಿರವಾಗಿತ್ತು. ಅದು ನನಗೆ ಹೊಳೆದೇ ಇರಲಿಲ್ಲ. ಸಿಮೆಂಟ್ ಬಳೆಗಳು ಬರುವ ತನಕ ಅವರು ಗುದ್ದಲಿ ಮುಟ್ಟಲಿಲ್ಲ. ಬಳೆಯನ್ನು ನೆಲದ ಮೇಲಿಟ್ಟು, ಅದರ ಒಳಗಿನಿಂದ ಮರಳು ತೆಗೆದರೆ ಬಳೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಅದರ ಮೇಲೆ ಇನ್ನೊಂದು. ತೋಡುವವನ ಸುತ್ತ ಯಾವಾಗಲೂ ಗೋಡೆಯಿರುತ್ತದೆ. ಹನ್ನೆರಡು ಅಡಿ ಎರಡು ದಿನದಲ್ಲಿ ಮುಗಿಯಿತು. ಇದನ್ನು ನಾವು ‘ಕೂಲಿ ಕೆಲಸ’ ಎನ್ನುತ್ತೇವೆ. ನಮ್ಮ ನಾಡಿನಲ್ಲಿ ಕೆರೆ ಬಾವಿಗಳನ್ನು ತೋಡಿದ ಮಣ್ಣುವಡ್ಡರನ್ನೂ ಹೀಗೆಯೇ ಕರೆದೆವು. ಬೋರ್‌ವೆಲ್ ಬಂದ ಮೇಲೆ ಅವರ ವಿದ್ಯೆಗೆ ಗಿರಾಕಿ ಇಲ್ಲವಾಯಿತು. ಈಗ ಬೆಂಗಳೂರಿನಲ್ಲಿ ಇಂಗುಬಾವಿಗಳಿಗಾಗಿ ಮತ್ತೆ ಅವರನ್ನೇ ಹುಡುಕುತ್ತಿದ್ದಾರೆ. ಪ್ರಮಾಣಪತ್ರವಿದ್ದ ಗುತ್ತಿಗೆದಾರನೂ ಪರಿಣತ, ಇವರೂ ಪರಿಣತರು. ಯಾರ ಕೂಲಿಯನ್ನು ನಾವು ಚೌಕಾಸಿ ಮಾಡಿದೆವು ಎಂಬುದನ್ನು ಮಾತ್ರ ಪ್ರತಿಯೊಬ್ಬರೂ ನೆನೆದುಕೊಳ್ಳಿ.

ಆ ವರ್ಷದ ಹಿಂಗಾರಿನಲ್ಲಿ ನನ್ನ ಬಾವಿಗೆ ನೀರು ಬಂತು, ಉಪ್ಪಿನ ಸವುಳೂ ಕಡಮೆಯಾಯಿತು. ನನ್ನ ಗುಂಡಿಯೊಂದರಿಂದಲೇ ಎಂದು ಹೇಳಲಾರೆ, ಅಕ್ಕಪಕ್ಕದವರೂ ಆಗ ಎಚ್ಚೆತ್ತಿದ್ದರು.

ಆದುದರಿಂದ ನನ್ನ ಸೂಚನೆ ಇಷ್ಟು. ತಾರಸಿಯ ಕೊಳವೆ, ಜಾಲರಿ, ಸೋಸುವ ಡ್ರಮ್ಮುಗಳನ್ನು ಯುವಕರು ಮಾಡಲಿ. ಇಂಗುಬಾವಿಯನ್ನು ತೋಡುವವರೇ ತೋಡಲಿ, ಅವರು ಕೇಳಿದ ಕೂಲಿಯನ್ನೇ ಕೊಡೋಣ. ಭವನದ ಹಳೆಯ ಬಾವಿಗೆ ನಮ್ಮವರಾರೂ ಹೂಳೆತ್ತಲು ಇಳಿಯಕೂಡದು. ಮುಚ್ಚಿದ ಬಾವಿಯ ಗಾಳಿ ಒಬ್ಬನನ್ನು ಕೆಡವುತ್ತದೆ, ಅವನನ್ನು ಎತ್ತಲು ಹೋದವನನ್ನೂ ಕೆಡವುತ್ತದೆ. ಖಜಾಂಚಿಗಳು ರಸೀದಿಯ ಜೊತೆಗೆ ಇನ್ನೊಂದು ಪುಸ್ತಕವಿಡಲಿ: ಪ್ರತಿ ಸೆಪ್ಟೆಂಬರಿನಲ್ಲಿ ಮುಚ್ಚಳ ತೆಗೆದವರ ಸಹಿ, ತಾರೀಕು, ಒಳಗೆ ಕಂಡದ್ದೇನು ಎಂಬ ಒಂದು ಸಾಲು. ಮೊದಲ ಸಹಿ ನನ್ನದಾಗಲಿ. ತಾರಸಿಯ ಅಳತೆ ತೆಗೆಯಲು ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಇಲ್ಲಿರುತ್ತೇನೆ. ಟೇಪನ್ನು ನಾನು ತರುತ್ತೇನೆ, ಅದರ ಇನ್ನೊಂದು ತುದಿ ಹಿಡಿಯಲು ಇಬ್ಬರು ಬನ್ನಿ.