ಇಳಿವಯಸ್ಸಿನ ಹಗಲುಗಳಿಗೆ ಅರ್ಥ
(ಶತಮಾನೋತ್ಸವದ ಅಂಗವಾಗಿ ಮಾಡಿದ ಭಾಷಣದ ಪಾಠ)



ನೂರು ವರ್ಷಗಳ ಬಾಳನ್ನು ಕಂಡ ದೇವಾಲಯವನ್ನು ಗೌರವಿಸುವ ಈ ಶುಭಸಂದರ್ಭದಲ್ಲಿ, ಎಂಬತ್ತು ತೊಂಬತ್ತು ವರ್ಷಗಳ ಬಾಳನ್ನು ಕಂಡು ಇಂದು ವೃದ್ಧಾಶ್ರಮಗಳಲ್ಲಿ ನೆಲೆಸಿರುವವರನ್ನು ಕುರಿತು ನಾಲ್ಕು ಮಾತುಗಳನ್ನಾಡುವುದು ಉಚಿತವೆಂದು ಭಾವಿಸುತ್ತೇವೆ.

2011ರ ಜನಗಣತಿಯ ವೇಳೆಗೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ತಂದೆತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆಯು, ಜಿಲ್ಲೆಗೊಂದರಂತೆ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಆಶ್ರಯ ನೀಡುವ ಮನೆಗಳನ್ನು ರಾಜ್ಯ ಸರ್ಕಾರಗಳು ಸ್ಥಾಪಿಸಬಹುದೆಂದು ಹೇಳುತ್ತದೆ. ಅದೇ ಕಲಮು ವೈದ್ಯಕೀಯ ಆರೈಕೆಯೊಡನೆ ಮನೋರಂಜನೆಯನ್ನೂ ಹೆಸರಿಸಿರುವುದು ಗಮನಾರ್ಹ. ಆದರೆ ಮನೋರಂಜನೆಯೆಂದರೆ ಗೋಡೆಗೊಂದು ಟೆಲಿವಿಷನ್ ಎಂದಷ್ಟೇ ಆಗಬಾರದು. ಬೆಳಗಿನ ಕಾಫಿಗೂ ಮಧ್ಯಾಹ್ನದ ಊಟಕ್ಕೂ ನಡುವಣ ಆ ದೀರ್ಘ ಹೊತ್ತಿನಲ್ಲಿ ಗೇಟಿನತ್ತ ಕಣ್ಣು ನೆಟ್ಟು ಕುಳಿತವರ ವೇದನೆಯನ್ನು ಬಲ್ಲವರೇ ಬಲ್ಲರು.

ಮುದುಕರಿಗೆ ಬೇಕಾದುದು ವಿಶ್ರಾಂತಿಯೊಂದೇ ಎಂಬ ನಂಬಿಕೆ ಸರಿಯಲ್ಲ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರಾಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ವೃದ್ಧಾಶ್ರಮದಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಒಂದು ಮಹಡಿಯವರಿಗೆ ತಮ್ಮ ಕೋಣೆಯ ಏರ್ಪಾಡು ತಮ್ಮದೇ ಹೊಣೆಯೆಂದು ತಿಳಿಸಿ, ತಾವೇ ನೀರೆರೆದು ಸಲಹಲು ಗಿಡಗಳನ್ನು ಕೊಟ್ಟರು. ಇನ್ನೊಂದು ಮಹಡಿಯವರ ಗಿಡಗಳಿಗೆ ದಾದಿಯರೇ ನೀರೆರೆದರು. ಮೂರೇ ವಾರಗಳಲ್ಲಿ ಮೊದಲಿನವರು ಹೆಚ್ಚು ಚುರುಕಾಗಿಯೂ ಉಲ್ಲಾಸದಿಂದಲೂ ಇರುವುದು ಕಂಡುಬಂತು. ಅದು ಸಣ್ಣ ಪ್ರಯೋಗ, ನಿಜ. ಆದರೂ ಹೊಣೆಯಿದ್ದಲ್ಲಿ ಜೀವಕಳೆಯಿರುತ್ತದೆಂಬ ನಮ್ಮ ಹಿರಿಯರ ಅನುಭವಕ್ಕೆ ಅದು ಪುಷ್ಟಿ ನೀಡುತ್ತದೆ. 1991ರಲ್ಲಿ ನ್ಯೂಯಾರ್ಕ್ ರಾಜ್ಯದ ವೈದ್ಯ ಬಿಲ್ ಥಾಮಸ್ ಅವರು ಒಂಟಿತನ, ಅಸಹಾಯಕತೆ, ಬೇಸರ ಇವೇ ವೃದ್ಧಾಶ್ರಮದ ಮೂರು ವ್ಯಾಧಿಗಳೆಂದು ಬಗೆದು, ತಮ್ಮ ಆಶ್ರಮಕ್ಕೆ ನಾಯಿ, ಬೆಕ್ಕು, ಹಕ್ಕಿಗಳನ್ನೂ ಗಿಡಗಳನ್ನೂ ತಂದರು.

ನಮ್ಮಲ್ಲಿ ಇದಕ್ಕೆ ದೊಡ್ಡ ವೆಚ್ಚ ಬೇಕಿಲ್ಲ. ಚೌಕಾಬಾರ, ಚೆನ್ನೆಮಣೆಗಳು ಕೈಬೆರಳಿಗೂ ಲೆಕ್ಕಾಚಾರಕ್ಕೂ ವ್ಯಾಯಾಮ. ಹೂ ಕಟ್ಟುವುದು, ಸೊಪ್ಪು ಬಿಡಿಸುವುದು, ಜಪಸರ ಪೋಣಿಸುವುದು ಕುಳಿತಲ್ಲೇ ಮಾಡಬಹುದಾದ ಕೆಲಸಗಳು. ಉಪ್ಪಿನಕಾಯಿಯ ಹದ ಬಲ್ಲ ಅಜ್ಜಿಯನ್ನು ಅಡುಗೆಮನೆಗೆ ಕರೆದು ಕೇಳಿದರೆ, ಆಕೆ ಅಂದು ಆಶ್ರಿತೆಯಲ್ಲ, ಗುರು. ಮರೆವಿನ ರೋಗಕ್ಕೆ ತುತ್ತಾದವರೂ ಅನೇಕವೇಳೆ ಬಾಲ್ಯದ ಹಾಡಿಗೆ ದನಿಗೂಡಿಸುತ್ತಾರೆ. ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ದೇಹದ ಸಮತೋಲನವನ್ನೂ ಬಲವನ್ನೂ ಕಾಪಾಡುವ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಕುರ್ಚಿ ಹಿಡಿದು ಏಳುವುದು, ಕೂರುವುದೂ ಬಿದ್ದು ಮೂಳೆ ಮುರಿಯುವ ಅಪಾಯವನ್ನು ತಗ್ಗಿಸಲು ನೆರವಾಗುತ್ತದೆ. ಆದರೆ ಯಾವುದನ್ನೂ ಬಲವಂತದಿಂದ ಹೇರಲಾಗದು. ಮೌನವಾಗಿ ಕೂರಬಯಸುವವರ ಮೌನವೂ ಗೌರವಾರ್ಹ.

1839ರಲ್ಲಿ ಫ್ರಾನ್ಸಿನ ಸೇಂಟ್ ಸರ್ವಾನ್‌ನಲ್ಲಿ ಜಾನ್ ಜ್ಯೂಗಾನ್ ಎಂಬ ಬಡ ಮಹಿಳೆ ಕುರುಡಿಯಾದ ವೃದ್ಧೆಯೊಬ್ಬಳನ್ನು ಮನೆಗೆ ಕರೆತಂದು, ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. 2009ರಲ್ಲಿ ಸಂತಪದವಿಗೇರಿದ ಆಕೆಯ ಸಭೆಯ ಆಶ್ರಮ ನಮ್ಮ ಬೆಂಗಳೂರಿನಲ್ಲಿಯೂ ಇದೆ. ಆಕೆ ನೀಡಿದ್ದು ಹಣವನ್ನಲ್ಲ, ತನ್ನ ಮನೆಯಲ್ಲೊಂದು ಸ್ಥಾನವನ್ನು.

ಹಬ್ಬದ ದಿನ ಬಾಳೆಹಣ್ಣು, ಬ್ರೆಡ್ಡು ಹಂಚಿ ಭಾವಚಿತ್ರ ತೆಗೆಸಿಕೊಂಡು ಮರಳುವುದು ಸುಲಭ. ಅದಕ್ಕಿಂತ ಹಿರಿದಾದುದನ್ನು ನಮ್ಮ ಯುವಜನರಲ್ಲಿ ಬೇಡುತ್ತೇವೆ: ವಾರಕ್ಕೆ ಒಂದು ಗಂಟೆ, ಅದೇ ದಿನ, ಅದೇ ಹೊತ್ತಿಗೆ, ಅದೇ ಹಿರಿಯರ ಬಳಿ. ನಾಳೆ ಯಾರೋ ಬರುವರೆಂಬ ಭರವಸೆಯೇ ಅವರ ಇಂದಿನ ದಿನಕ್ಕೆ ಬೆಳಕು. ಶತಮಾನೋತ್ಸವದ ದೀಪಾಲಂಕಾರ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಈ ಬೆಳಕನ್ನು ಮಾತ್ರ ಆರಗೊಡದಿರೋಣ.